ತಾಳೆ ಬೀಳದ ಜೋಡಿ ಲೋಲಕ

ನಾನು ಒಂದು ಜೋಡಿ ಲೋಲಕ. ಹೆಸರು ಕೇಳಿ ಹೆದರಬೇಡಿ. ಒಂದು ಹಿತ್ತಾಳೆ ಪಟ್ಟಿಯ ತುದಿಗೆ ಇನ್ನೊಂದು ಹಿತ್ತಾಳೆ ಪಟ್ಟಿಯನ್ನು ತೂಗುಬಿಟ್ಟರೆ ಅದೇ ನಾನು. ನಿಮ್ಮ ತೋಳಿಗೆ ಹೆಗಲೂ ಮೊಣಕೈಯೂ ಇರುವಂತೆ ನನಗೂ ಎರಡು ಕೀಲುಗಳಿವೆ. ಕಂಬಕ್ಕೆ ಸಿಕ್ಕಿಸಿದ್ದು ಹೆಗಲು, ಎರಡು ಪಟ್ಟಿಗಳ ನಡುವಿನದು ಮೊಣಕೈ. ನಿಮ್ಮ ಮೊಣಕೈ ಒಂದೇ ಕಡೆಗೆ ಮಡಚುತ್ತದೆ. ನನ್ನದು ಸುತ್ತಲೂ ತಿರುಗುತ್ತದೆ. ನನ್ನ ಬದುಕಿನ ತಾಪತ್ರಯವೆಲ್ಲ ಶುರುವಾದದ್ದು ಆ ಮೊಣಕೈಯಿಂದ.

ಹುಟ್ಟಿದ್ದು ಗದಗಿನಲ್ಲಿ, ಮೌನೇಶ ಬಡಿಗೇರ ಎಂಬುವರ ಲೇಥ್ ಅಂಗಡಿಯಲ್ಲಿ. ಹಿಟ್ಟಿನ ಗಿರಣಿಯ ಶಾಫ್ಟು, ಪಂಪಿನ ಬುಶ್ಶು ಇಂಥವನ್ನೇ ಕಡೆಯುತ್ತಿದ್ದ ಮನುಷ್ಯ ಅವರು. ಒಂದು ದಿನ ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಗಲಗಲಿ ಸರ್ ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ನನ್ನ ಚಿತ್ರ ಬರೆದುಕೊಂಡು ಬಂದರು. ಮೌನೇಶಪ್ಪ ಅದನ್ನು ಅಡ್ಡ ಉದ್ದ ತಿರುಗಿಸಿ ನೋಡಿದರು.

"ಇದು ಏನ್ ಕೆಲಸ ಮಾಡತೈತ್ರಿ ಸರ?"

"ಏನೂ ಮಾಡೂದಿಲ್ಲ ಮೌನೇಶಪ್ಪ. ಬರೇ ತೂಗ್ತದ."

"ಬರೇ ತೂಗಾಕ ನಾಕ ಬೇರಿಂಗ್ ಯಾಕ್ರಿ?"

"ಕೀಲು ಹಗುರ ಇದ್ದಷ್ಟೂ ಛಲೋ. ಗಾಳಿ ಊದಿದ್ರ ತಿರುಗಬೇಕು, ಅಷ್ಟು ಹಗುರ ಮಾಡಿಕೊಡ್ರಿ."

ಎಂಟು ದಿನ ಹಿಡಿಯಿತು. ಒಂಬತ್ತನೆಯ ದಿನ ಮೌನೇಶಪ್ಪ ನನ್ನನ್ನು ಕಂಬಕ್ಕೆ ಸಿಕ್ಕಿಸಿ, ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಆ ಗೆರೆಯ ತನಕ ಎತ್ತಿ ಕೈಬಿಟ್ಟರು. ನಾನು ಬಿದ್ದೆ. ಕೆಳಪಟ್ಟಿ ಹಾರಿ ತಲೆಕೆಳಗಾಗಿ, ಒಂದು ಗಳಿಗೆ ಹಾಗೇ ನಿಂತು, ಎಡಕ್ಕೆ ಎರಡು ಪಲ್ಟಿ ಹೊಡೆಯಿತು. ಮೌನೇಶಪ್ಪ ಮಗು ನೋಡಿದಂತೆ ನಕ್ಕರು. ಮತ್ತೆ ಅದೇ ಗೆರೆಗೆ ಎತ್ತಿ ಬಿಟ್ಟರು. ಮೊದಲೆರಡು ತೂಗು ಹಿಂದಿನಂತೆಯೇ ಬಂದವು. ಆಮೇಲೆ ಎಡಕ್ಕೆ ಹೋಗಬೇಕಾದಲ್ಲಿ ನಾನು ಬಲಕ್ಕೆ ಹೋದೆ. ಅವರ ನಗು ಅಲ್ಲಿಗೆ ನಿಂತಿತು.

ಅವರ ಅಂಗಡಿಯಲ್ಲಿ ಎರಡು ಸಲ ಕಡೆದದ್ದು ಎರಡು ಸಲವೂ ಒಂದೇ ಅಳತೆಗೆ ಬರಬೇಕು. ಅದು ಅವರ ಮರ್ಯಾದೆಯ ಪ್ರಶ್ನೆ. ನನ್ನನ್ನು ಬಿಚ್ಚಿದರು, ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದರು, ಮತ್ತೆ ಜೋಡಿಸಿ ಬಿಟ್ಟುನೋಡಿದರು. ಹೀಗೆ ಮೂರು ದಿನ. ಒಂದೊಂದು ಸಲ ನಾನು ಒಂದೊಂದು ಥರ ಬಿದ್ದೆ. ಕೊನೆಗೆ ಗಲಗಲಿ ಸರ್ ಬಂದಾಗ ಅವರು ತಲೆ ಎತ್ತಲಿಲ್ಲ.

"ಸರ, ನಮ್ಮ ಅಂಗಡ್ಯಾಗ ಯಾವತ್ತೂ ಹಿಂಗ ಆಗಿಲ್ರಿ. ಇದರಾಗ ಎಲ್ಲೋ ಲೋಪ ಉಳದೈತಿ. ಒಯ್ಯಬ್ಯಾಡ್ರಿ."

ಗಲಗಲಿ ಸರ್ ಎರಡು ಸಲ ಬಿಟ್ಟು ನೋಡಿ ಚಪ್ಪಾಳೆ ತಟ್ಟಿದರು. "ಲೋಪ ಅಲ್ಲೋ ಮಾರಾಯ, ಇದು ಹಿಂಗೇ ಇರಬೇಕು!"

ಮೌನೇಶಪ್ಪ ನಂಬಲಿಲ್ಲ. ದೊಡ್ಡ ಮನಸ್ಸಿನ ಮೇಷ್ಟ್ರು ತನ್ನ ತಪ್ಪನ್ನು ಮುಚ್ಚಿಹಾಕುತ್ತಿದ್ದಾರೆ ಎಂದುಕೊಂಡು ನನ್ನನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ನನ್ನನ್ನು ಸರಿಯಾಗಿ ಮಾಡಿದವರೇ ನಾನು ತಪ್ಪು ಎಂದು ತಿಳಿದು ಕಳಿಸಿಕೊಟ್ಟರು. ಅದು ಮೊದಲನೆಯ ನೋವು. ಆಗ ನನಗೆ ವಯಸ್ಸು ಹನ್ನೆರಡು ದಿನ.

ಕಾಲೇಜಿನ ಪ್ರಯೋಗಾಲಯ ಮೊದಲ ಮಹಡಿಯಲ್ಲಿತ್ತು. ಉದ್ದಕ್ಕೂ ಕಡಪಾ ಕಲ್ಲಿನ ಮೇಜು, ಅದರ ತುದಿಯಲ್ಲಿ ನಾನು. ನನ್ನ ಪಕ್ಕದಲ್ಲೇ ನನ್ನ ಹಿರಿಯಣ್ಣ ಇದ್ದ, ಸಾದಾ ಲೋಲಕ. ದಾರಕ್ಕೆ ಕಟ್ಟಿದ ಒಂದು ಸೀಸದ ಗುಂಡು, ಅಷ್ಟೇ. ಇಪ್ಪತ್ತು ತೂಗಿಗೆ ಮೂವತ್ತಾರು ಸೆಕೆಂಡು ಎಂದರೆ ಮೂವತ್ತಾರೇ. ಇವತ್ತೂ ಮೂವತ್ತಾರು, ನಾಳೆಯೂ ಮೂವತ್ತಾರು. ಇಡೀ ಕಾಲೇಜಿಗೆ ಅವನು ಅಚ್ಚುಮೆಚ್ಚು. ನನಗೆ ಹೊಟ್ಟೆಕಿಚ್ಚು ಆಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಯಾಕೆ ಅಚ್ಚುಮೆಚ್ಚು ಎಂದರೆ, ಅಲ್ಲಿನ ಪದ್ಧತಿ ಹಾಗಿತ್ತು. ಯಾವ ಪ್ರಯೋಗವಾದರೂ ಮೂರು ಸಲ ಮಾಡಬೇಕು. ರೆಕಾರ್ಡ್ ಪುಸ್ತಕದಲ್ಲಿ ಅದಕ್ಕೆ ಗೆರೆ ಹೊಡೆದ ಅಂಕಣಗಳೇ ಇದ್ದವು: ಟ್ರಯಲ್ ಒಂದು, ಎರಡು, ಮೂರು, ಕೊನೆಗೆ ಸರಾಸರಿ. ಮೂರೂ ತಾಳೆ ಬಿದ್ದರೆ ಪ್ರಯೋಗ ಸರಿ, ಬೀಳದಿದ್ದರೆ ನೀನು ಅಡ್ಡಾದಿಡ್ಡಿ ಮಾಡಿದ್ದೀಯ, ಮತ್ತೆ ಮಾಡು. ಮತ್ತೆ ಮಾಡಲು ಬೇಸರವಾದ ಹುಡುಗರು ಎರಡನೆಯದನ್ನೂ ಮೂರನೆಯದನ್ನೂ ತಾವೇ ಬರೆದುಬಿಡುತ್ತಿದ್ದರು. ಅದಕ್ಕೆ ರೀಡಿಂಗ್ ಅಡುಗೆ ಮಾಡುವುದು ಎನ್ನುತ್ತಿದ್ದರು. ಅಡುಗೆ ಮಾಡಿದವರಿಗೆ ಹತ್ತಕ್ಕೆ ಹತ್ತು ಬರುತ್ತಿತ್ತು.

ಗಲಗಲಿ ಸರ್ ಮಾತ್ರ ಪ್ರತಿ ಶನಿವಾರ ಹುಡುಗರನ್ನು ನನ್ನ ಸುತ್ತ ನಿಲ್ಲಿಸಿಕೊಂಡು ನನ್ನನ್ನು ಎತ್ತಿ ಬಿಡುತ್ತಿದ್ದರು. ಕೆಳಪಟ್ಟಿ ಎಡಕ್ಕೆ ಪಲ್ಟಿ ಹೊಡೆಯುತ್ತದೋ ಬಲಕ್ಕೋ ಎಂದು ಹುಡುಗರು ಕೂಗುತ್ತಿದ್ದರು. ಯಾರೂ ಸತತವಾಗಿ ಗೆಲ್ಲಲಿಲ್ಲ.

"ನೋಡ್ರಿ," ಎನ್ನುತ್ತಿದ್ದರು ಸರ್, "ಇದರೊಳಗ ದೆವ್ವ ಇಲ್ಲ, ಭೂತ ಇಲ್ಲ. ಪಕ್ಕದಾಗಿನ ಸಾದಾ ಲೋಲಕ ಯಾವ ನಿಯಮ ಪಾಲಿಸ್ತದೋ ಇದೂ ಅದನ್ನೇ ಪಾಲಿಸ್ತದ. ತಪ್ಪು ಇದರದಲ್ಲ, ನಮ್ಮದು. ಮತ್ತ ಅದೇ ಜಾಗಾದಿಂದ ಬಿಟ್ಟೆ ಅಂತೀವಲ್ಲ, ಅದು ಸುಳ್ಳು. ಕೂದಲೆಳಿಯಷ್ಟು ಫರಕು ಉಳದೇ ಉಳೀತದ. ಸಾದಾ ಲೋಲಕದಾಗ ಆ ಫರಕು ಕೂದಲೆಳಿಯಷ್ಟೇ ಇರ್ತದ. ಇದರಾಗ ಬೆಳೀತದ. ಒಂದು ಎರಡಾಗ್ತದ, ಎರಡು ನಾಕಾಗ್ತದ, ನಾಕು ಎಂಟಾಗ್ತದ. ಹಂಗ ಬೆಳೆದು ಬೆಳೆದು ಕಡೀಕ ಎಡ ಇದ್ದದ್ದು ಬಲ ಆಗ್ತದ."

ಸ್ವಲ್ಪವೇ ಎತ್ತಿ ಬಿಟ್ಟರೆ ನಾನೂ ಸಾಧುವೇ. ಅಣ್ಣನಂತೆಯೇ ಹಿಂದೆ ಮುಂದೆ ತೂಗುತ್ತೇನೆ, ಮೂರು ಸಲವೂ ತಾಳೆ ಬೀಳುತ್ತೇನೆ. ಎತ್ತರದಿಂದ ಬಿಟ್ಟಾಗ ಮಾತ್ರ ಈ ಅವತಾರ. ಬೀಳುವಾಗ ನನಗೆ ಖುಷಿಯಾಗುತ್ತದೆ ಎಂದು ಕೆಲವರು ತಿಳಿದಿದ್ದರು. ನಿಜ ಹೇಳುತ್ತೇನೆ, ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ನಿಯಮ ಮೀರುವ ಸ್ವಾತಂತ್ರ್ಯ ನನಗಿಲ್ಲ. ಮುಂದೆ ಎತ್ತ ಹೋಗುತ್ತೇನೆ ಎಂಬ ತಿಳಿವಳಿಕೆಯೂ ಇಲ್ಲ. ಬಿಟ್ಟ ಮೇಲೆ ಬೀಳುವುದಷ್ಟೇ ನನ್ನ ಪಾಲಿನ ಕೆಲಸ.

ಪ್ರಯೋಗಾಲಯದ ಅಟೆಂಡರ್ ಫಕ್ಕೀರಪ್ಪ. ಎತ್ತರದ ಮನುಷ್ಯ, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು. ಹಳೆಯ ಧೋತರದ ತುಂಡಿನಲ್ಲಿ ದಿನಾ ಬೆಳಿಗ್ಗೆ ನಮ್ಮೆಲ್ಲರ ಮೈ ಒರೆಸುತ್ತಿದ್ದ. ನನ್ನನ್ನು ಹುಚ್ಚಪ್ಪ ಎಂದು ಕರೆಯುತ್ತಿದ್ದ. "ಏನಪಾ ಹುಚ್ಚಪ್ಪ, ಇವತ್ತರ ಶಾಣ್ಯಾ ಆಗ್ತೀಯೋ ಇಲ್ಲೋ?" ಎಂದು ಕೇಳಿ ಬೆರಳಿನಿಂದ ಒಮ್ಮೆ ತಟ್ಟಿ ಮುಂದೆ ಹೋಗುತ್ತಿದ್ದ.

ಪರೀಕ್ಷೆ ಬಂತೆಂದರೆ ಅವನೇ ಆ ಕೋಣೆಯ ದೇವರು. ಹಿಂದಿನ ದಿನ, ಪರೀಕ್ಷೆಗಿಲ್ಲದ ನನ್ನೊಬ್ಬನನ್ನು ಬಿಟ್ಟು, ಒಂದೊಂದೇ ಉಪಕರಣವನ್ನು ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ, ಅಲುಗುವ ಸ್ಕ್ರೂ ಬಿಗಿ ಮಾಡಿ, ರೀಡಿಂಗ್ ತಾಳೆ ಬೀಳುವವರೆಗೆ ತಿದ್ದುತ್ತಿದ್ದ. ಪರೀಕ್ಷೆಯಲ್ಲಿ ದಾರಿ ತೋಚದೆ ನಿಂತ ಹುಡುಗರ ಹಿಂದೆ ಹಾದು ಹೋಗುತ್ತ, "ಮೂವತ್ತಾರರ ಆಸುಪಾಸು ಬರಬೇಕ ತಮ್ಮಾ" ಎಂದು ಯಾರಿಗೂ ಕೇಳದಂತೆ ಮೆಲ್ಲಗೆ ಹೇಳುತ್ತಿದ್ದ. ಅವನ ದಯೆಯಿಂದ ಪಾಸಾದವರು ಎಷ್ಟು ಮಂದಿಯೋ. ಇದು ಮೇಷ್ಟ್ರುಗಳಿಗೂ ಗೊತ್ತಿತ್ತು, ಗೊತ್ತಿಲ್ಲದವರಂತೆ ಇರುತ್ತಿದ್ದರು.

ಗಲಗಲಿ ಸರ್ ನಿವೃತ್ತರಾಗುವ ವರ್ಷ ಒಂದು ಶನಿವಾರ ಬನಶಂಕರಿ ಎಂಬ ಹುಡುಗಿ ಬಂದಳು. ಬೆಟಗೇರಿಯ ನೇಕಾರರ ಮನೆಯವಳು. ಎಲ್ಲರೂ ಎಡ ಬಲ ಎಂದು ಕೂಗುತ್ತಿದ್ದರೆ ಅವಳು ಸುಮ್ಮನಿದ್ದು ಆಮೇಲೆ ಕೇಳಿದಳು: "ಸರ, ಎಷ್ಟನೇ ತೂಗಿಗೆ ತಪ್ಪತೈತ್ರಿ?"

ಸರ್ ಅವಳ ಕಡೆ ತಿರುಗಿದರು. "ಎಷ್ಟೋ ವರ್ಷದಿಂದ ಬಿಡ್ಲಿಕ್ಕೆ ಹತ್ತೀನಿ, ಇದನ್ನ ಯಾರೂ ಕೇಳಿರಲಿಲ್ಲ. ನಾನೂ ಎಣಿಸಿಲ್ಲ. ನೀನೇ ಎಣಸವಾ."

ಅವರ ನಂತರ ವಿಭಾಗದ ಮುಖ್ಯಸ್ಥರಾಗಿ ಬಂದವರು ಮ್ಯಾಗೇರಿ ಸರ್. ಅವರನ್ನು ಕೆಟ್ಟವರೆಂದು ನಾನು ಹೇಳಲಾರೆ. ಅಡುಗೆ ಮಾಡಿದ ರೀಡಿಂಗುಗಳನ್ನು ತಿದ್ದಿ ತಿದ್ದಿ ಅವರ ಕಣ್ಣು ಸೋತಿದ್ದವು. ಸುಳ್ಳನ್ನು ಕಂಡರೆ ಅವರಿಗೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು. ಶನಿವಾರದ ನನ್ನ ಆಟ ಮಾತ್ರ ನಿಂತುಹೋಯಿತು. ತಾಳೆ ಬೀಳದ ಉಪಕರಣ ಅವರ ಲೆಕ್ಕದಲ್ಲಿ ಉಪಕರಣವೇ ಅಲ್ಲ.

ಬನಶಂಕರಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ನನ್ನನ್ನೇ ಆರಿಸಿಕೊಂಡಳು. ಮ್ಯಾಗೇರಿ ಸರ್ ಕೈಯಲ್ಲಿ ಪೆನ್ನು ಹಿಡಿದುಕೊಂಡೇ ಕೇಳಿದರು: "ಟ್ಯಾಲಿ ಆಗಲಾರದ್ದನ್ನ ಅಳದು ಏನ್ ಮಾಡ್ತಿ?"

"ಎಲ್ಲೀತನಕ ಟ್ಯಾಲಿ ಆಗತೈತಿ ಅನ್ನೂದನ್ನ ಅಳೀತೀನ್ರಿ ಸರ."

ಅವರಿಗೆ ಅದು ಸರಿಬರಲಿಲ್ಲ, ಆದರೂ ಸಹಿ ಹಾಕಿದರು. ಹುಡುಗಿ ಜಾಣೆ ಎಂಬುದು ಅವರಿಗೂ ಗೊತ್ತಿತ್ತು. ಆ ವರ್ಷವೇ ಅವಳು ಪುಣೆಯ ಒಂದು ಸಂಶೋಧನಾ ಸಂಸ್ಥೆಯ ಸಂದರ್ಶನಕ್ಕೆ ಹೋಗಿ ಬಂದಿದ್ದಳು. ಅಲ್ಲಿಂದ ಪತ್ರವೂ ಬಂದಿತ್ತು: ಪ್ರಾಜೆಕ್ಟಿನಲ್ಲಿ ಎ ದರ್ಜೆ ಬಂದರೆ ಸೀಟು ಖಾಯಂ. ಆ ಪತ್ರವನ್ನು ಅವಳು ರೆಕಾರ್ಡ್ ಪುಸ್ತಕದೊಳಗೇ ಇಟ್ಟುಕೊಂಡು ಓಡಾಡುತ್ತಿದ್ದಳು. ಫಕ್ಕೀರಪ್ಪನಿಗೆ ಎರಡು ಸಲ ಓದಿ ಹೇಳಿದ್ದಳು.

ಅವಳ ಕೆಲಸ ಹೇಗಿತ್ತೆಂದರೆ, ನನ್ನನ್ನು ಗುರುತಿನ ತನಕ ಎತ್ತಿ ಬಿಡುವುದು, ಒಂದೊಂದು ತೂಗಿಗೂ ಕೆಳಪಟ್ಟಿ ಎಡಕ್ಕೆ ಹೋಯಿತೋ ಬಲಕ್ಕೋ ಬರೆಯುವುದು. ಮತ್ತೆ ಬಿಡುವುದು, ಮತ್ತೆ ಬರೆಯುವುದು. ಎರಡು ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ಎಲ್ಲಿಯವರೆಗೆ ತಾಳೆ ಬೀಳುತ್ತವೆ, ಎಲ್ಲಿ ದಾರಿ ಬೇರೆಯಾಗುತ್ತದೆ ಎಂದು ಎಣಿಸುವುದು. ಕೈಯಿಂದ ಬಿಟ್ಟಾಗ ಸರಾಸರಿ ಮೂರು ತೂಗು ತಾಳೆ ಬಿದ್ದವು. ಕೈ ನಡುಗುತ್ತದೆ ಎಂದು ಅವಳು ಅಪ್ಪನ ಮಗ್ಗದಿಂದ ಒಂದೆಳೆ ನೂಲು ತಂದಳು. ನನ್ನ ತುದಿಗೆ ಕಟ್ಟಿ, ಪಕ್ಕದ ಕಂಬಕ್ಕೆ ಬಿಗಿಯಾಗಿ ಎಳೆದು, ಕಡ್ಡಿ ಗೀರಿ ನೂಲನ್ನು ಸುಟ್ಟಳು. ಸುಟ್ಟ ನೂಲು ನಡುಗುವುದಿಲ್ಲ. ಬಿಡುವಾಗಿನ ಫರಕು ಹತ್ತರಲ್ಲೊಂದು ಪಾಲಿಗೆ ಇಳಿದು ಐದು ತೂಗು ತಾಳೆ ಬಿದ್ದವು. ಆಮೇಲೆ ಎತ್ತರವನ್ನು ಗುರುತಿನ ಬದಲು ಸಣ್ಣ ಸ್ಕ್ರೂ ತುದಿಗೆ ತಾಗಿಸಿ, ಭೂತಗನ್ನಡಿ ಹಿಡಿದು ನೋಡಿ, ಮತ್ತೆ ನೂಲು ಸುಟ್ಟಳು. ಫರಕು ಮತ್ತೆ ಹತ್ತರಲ್ಲೊಂದು ಪಾಲಾಯಿತು: ಕೆಲವು ಸಲ ಆರು, ಕೆಲವು ಸಲ ಎಂಟು, ಸರಾಸರಿ ಏಳು.

ಏಳು ಬಂದ ದಿನ ಅವಳು ಕುರ್ಚಿಯಿಂದ ಎದ್ದು ನಿಂತಳು. ಹೇಳಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಕಿಟಕಿ ಒರೆಸುತ್ತಿದ್ದ ಫಕ್ಕೀರಪ್ಪನನ್ನೇ ಕರೆದಳು.

"ಕಾಕಾ, ಮೂರು, ಐದು, ಏಳು! ಹತ್ತುಪಟ್ಟು ಹುಷಾರಾಗಿ ಬಿಟ್ರ ಎರಡಽ ಎರಡು ತೂಗು ಹೆಚ್ಚಿಗಿ ಸಿಗತಾವು. ಮತ್ತ ಹತ್ತುಪಟ್ಟು, ಮತ್ತ ಎರಡು. ಇದರ ಹುಚ್ಚಿಗೂ ಒಂದು ಲೆಕ್ಕ ಐತಿ ನೋಡ್ರಿ. ಇಪ್ಪತ್ತೇಳನೇ ತೂಗಿನ ಮಟಾ ತಿಳೀಬೇಕಂದ್ರ ಎಷ್ಟು ಹುಷಾರಾಗಿ ಬಿಡಬೇಕು ಗೊತ್ತೇನು? ಪರಮಾಣುಕಿಂತ ಸಣ್ಣ ಫರಕು ಸೈತ ಇರಬಾರದು. ಅದು ಯಾರಿಂದಾನೂ ಆಗೂದಿಲ್ಲ ಕಾಕಾ. ದೇವರಿಗಷ್ಟಽ ಸಾಧ್ಯ."

ಫಕ್ಕೀರಪ್ಪ ತಲೆಯಾಡಿಸಿದ. ಅವನಿಗೆ ತಿಳಿದದ್ದು ಬೇರೆ. ಪುಸ್ತಕದ ತುಂಬ ಎಡ ಬಲ ಎಡ ಎಡ ಎಂದು ಒಂದು ಸಾಲಿದ್ದರೆ ಇನ್ನೊಂದು ಸಾಲು ಅದರಂತಿರಲಿಲ್ಲ. ಅಂಥ ಪುಸ್ತಕ ಇಟ್ಟುಕೊಂಡು ಪಾಸಾದ ಹುಡುಗರನ್ನು ಅವನು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಮುಂದಿನ ವಾರ ಮ್ಯಾಗೇರಿ ಸರ್ ಕರಡು ನೋಡಿ ಕೆಂಪು ಪೆನ್ಸಿಲ್ಲಿನಲ್ಲಿ, "ಟ್ರಯಲ್‌ಗಳು ತಾಳೆಯಾಗಿಲ್ಲ, ಪರಿಶೀಲಿಸಿ" ಎಂದು ಬರೆದರು. ಬನಶಂಕರಿ ಅದರ ಕೆಳಗೆ ತಾಳೆಯಾಗದಿರುವುದೇ ವಿಷಯ ಎಂದು ಸಣ್ಣಕ್ಷರದಲ್ಲಿ ಬರೆದು ನಕ್ಕಳು. ಫಕ್ಕೀರಪ್ಪ ಕೆಂಪು ಅಕ್ಷರಗಳನ್ನಷ್ಟೇ ಓದಿದ. ಅವನು ನಗಲಿಲ್ಲ.

ಈಗ ಹೇಳಬೇಕಾದದ್ದನ್ನು ಹೇಳಲು ನನಗೆ ಕಷ್ಟವಾಗುತ್ತದೆ.

ಪರೀಕ್ಷೆಯ ಹಿಂದಿನ ದಿನ ವಿದ್ಯಾರ್ಥಿಗಳು ಪ್ರಯೋಗಾಲಯಕ್ಕೆ ಬರುವಂತಿಲ್ಲ. ಮಧ್ಯಾಹ್ನ ಫಕ್ಕೀರಪ್ಪ ಬಾಗಿಲು ಹಾಕಿಕೊಂಡು ಕೆಲಸ ಶುರುಮಾಡಿದ. ಒಂದೊಂದನ್ನೇ ಮುಗಿಸಿ ನನ್ನ ಬಳಿ ಬಂದ. ಅವತ್ತು ಬೆರಳಿನಿಂದ ತಟ್ಟಲಿಲ್ಲ. ಎದುರಿಗೆ ಸ್ಟೂಲು ಎಳೆದು ಕೂತ.

"ನೋಡಪಾ, ಹುಡುಗಿದು ಜೀವನದ ಪ್ರಶ್ನೆ ಐತಿ," ಎಂದ.

ಬೇರಿಂಗುಗಳನ್ನು ಬಿಚ್ಚಿ, ಹಳದಿ ಗ್ರೀಸನ್ನು ಬೆರಳ ತುದಿಯಲ್ಲಿ ತೆಗೆದು ಒಳಗೆ ತುಂಬಿದ. ನನ್ನ ಮೈಯೆಲ್ಲ ಭಾರವಾಯಿತು. ಆಮೇಲೆ ಮೊಣಕೈಯ ನಟ್ಟಿಗೆ ಪಾನಾ ಹಾಕಿ ಅಲುಗದಂತೆ ಬಿಗಿದ. ಎತ್ತಿ ಬಿಟ್ಟ. ನಾನು ಒಂದೇ ಕೋಲಿನಂತೆ ನೆಟ್ಟಗೆ ಬಂದೆ, ನೆಟ್ಟಗೆ ಹೋದೆ. ಎರಡನೆಯ ಸಲವೂ ಹಾಗೆಯೇ, ಮೂರನೆಯ ಸಲವೂ ಹಾಗೆಯೇ. ಹುಟ್ಟಿದಾರಭ್ಯ ಆ ಎತ್ತರದಿಂದ ಬಿಟ್ಟಾಗ ನಾನು ತಾಳೆ ಬಿದ್ದದ್ದು ಅದೇ ಮೊದಲು. ಫಕ್ಕೀರಪ್ಪನ ಕಣ್ಣಲ್ಲಿ ನೀರು ಬಂತು.

"ಈಗ ಶಾಣ್ಯಾ ಆದಿ ನೋಡು," ಎಂದು ನನ್ನ ಮೈ ಸವರಿದ.

ಬೇಡ ಎನ್ನಲು ನನಗೆ ಬಾಯಿಲ್ಲ. ಮಗಳಂಥವಳಿಗೆ ಒಳ್ಳೆಯದಾಗಲಿ ಎಂದು ಮೈಮುರಿದು ಕೆಲಸ ಮಾಡಿದ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಆ ಸಂಜೆ ಅವನು ಬಾಗಿಲು ಹಾಕಿಕೊಂಡು ಹೋದಾಗ ನಾನು ಅಲ್ಲೇ ಜೋತುಬಿದ್ದಿದ್ದೆ.

ಮರುದಿನ ಹೊರಗಿನಿಂದ ಪರೀಕ್ಷಕರಾಗಿ ವಿಶಾಲಾಕ್ಷಿ ಮೇಡಂ ಬಂದಿದ್ದರು. ಮೈಸೂರು ಕಡೆಯವರು, ಮೆತ್ತಗಿನ ಮಾತು. ಹನ್ನೆರಡು ಮಂದಿಯ ಪ್ರಾಜೆಕ್ಟು ನೋಡಬೇಕಿತ್ತು. ಬನಶಂಕರಿ ಮೊದಲನೆಯವಳು. ಅವಳು ಹೇಳಿದ್ದನ್ನೆಲ್ಲ ಮೇಡಂ ಆಸಕ್ತಿಯಿಂದಲೇ ಕೇಳಿದರು. ಮೂರು, ಐದು, ಏಳು ಎಂಬುದನ್ನು ಕೇಳಿ, "ಚೆನ್ನಾಗಿದೆ ಕಣಮ್ಮ, ಎಲ್ಲಿ, ಒಂದೆರಡು ಸಲ ಮಾಡಿ ತೋರಿಸು" ಎಂದರು.

ಬನಶಂಕರಿ ನೂಲು ಕಟ್ಟಿ, ಎಳೆದು, ಕಡ್ಡಿ ಗೀರಿದಳು. ನೂಲು ಸುಟ್ಟಿತು. ನಾನು ಕೋಲಿನಂತೆ ಬಂದೆ, ಹೋದೆ. ಅವಳ ಮುಖದಲ್ಲಿದ್ದ ನಗು ಹಾಗೇ ಉಳಿದು, ಕಣ್ಣು ಮಾತ್ರ ಬದಲಾದವು.

"ಮೇಡಂ, ನಟ್ಟು ಬಿಗಿಯಾಗಿಬಿಟ್ಟೈತ್ರಿ..."

"ಮೊದಲ ಮೂರು ಟ್ರಯಲ್ ಮುಗಸು. ನಡುವ ಕೈ ಹಚ್ಚಬ್ಯಾಡ," ಎಂದರು ಮ್ಯಾಗೇರಿ ಸರ್. ಅದೂ ಪದ್ಧತಿಯೇ.

ಇನ್ನೆರಡು ಸಲ ನೂಲು ಸುಟ್ಟಳು. ಮೂರೂ ತಾಳೆ ಬಿದ್ದವು. ಮೇಡಂ ರೆಕಾರ್ಡ್ ಪುಸ್ತಕದ ಹಾಳೆ ತಿರುವಿದರು. "ನಿನ್ನ ಪುಸ್ತಕದಲ್ಲಿ ಏಳನೇ ತೂಗಿಗೆ ಬೇರೆಯಾಗುತ್ತೆ ಅಂತ ಇದೆ. ಇಲ್ಲಿ ಬೇರೆಯಾಗೋದೇ ಇಲ್ವಲ್ಲಮ್ಮ?"

ಆಗ ಬಾಗಿಲ ಬಳಿ ನಿಂತಿದ್ದ ಫಕ್ಕೀರಪ್ಪ ಒಳಗೆ ಬಂದ. ಪರೀಕ್ಷಕರ ಮುಂದೆ ಅಟೆಂಡರ್ ಬಾಯಿ ಬಿಡುವಂತಿಲ್ಲ. ಅವನು ಕೈಮುಗಿದು ಬಾಯಿ ಬಿಟ್ಟೇಬಿಟ್ಟ.

"ಮೇಡಂ, ನಟ್ಟು ನಾನಽ ಬಿಗಿ ಮಾಡೀನ್ರಿ. ನಿನ್ನೆ. ಆಕಿದು ತಪ್ಪಿಲ್ರಿ."

ನನಗೆ ಜೀವ ಬಂದಂತಾಯಿತು. ಮೇಡಂ ನ್ಯಾಯದ ಹೆಂಗಸು. "ಹಾಗಾದ್ರೆ ಸಡಿಲ ಮಾಡಿ, ನೋಡೋಣ" ಎಂದರು. ಫಕ್ಕೀರಪ್ಪ ನಟ್ಟು ಸಡಿಲಿಸಿದ. ಆದರೆ ಗ್ರೀಸಿನ ಮಾತು ಎತ್ತಲಿಲ್ಲ. ಮುಚ್ಚಿಡಬೇಕೆಂದಲ್ಲ, ಅದು ಅವನ ತಲೆಗೇ ಬರಲಿಲ್ಲ. ಗ್ರೀಸ್ ಹಚ್ಚುವುದು ಅವನಿಗೆ ಬೆಳಿಗ್ಗೆ ಮುಖ ತೊಳೆದಷ್ಟು ಸಹಜವಾದ ಕೆಲಸ.

ಮತ್ತೆ ನೂಲು ಸುಟ್ಟರು. ಎಷ್ಟು ಬೇಡಿಕೊಂಡೆ ನಾನು, ಕೆಳಪಟ್ಟಿ ಒಂದೇ ಒಂದು ಪಲ್ಟಿ ಹೊಡೆದುಬಿಡಲಿ ಎಂದು! ಮೊಣಕೈ ಸ್ವಲ್ಪ ಮಡಚಿತು, ಗ್ರೀಸಿನಲ್ಲಿ ಹೂತುಕೊಂಡಿತು. ನಾನು ಮುದಿ ಎತ್ತಿನಂತೆ ನಾಲ್ಕು ಸಲ ಹಿಂದೆ ಮುಂದೆ ಆಡಿ ನಿಂತೆ. ಎರಡನೆಯ ಸಲವೂ ಅಷ್ಟೇ. ಮತ್ತೆ ತಾಳೆ ಬಿತ್ತು.

ಮ್ಯಾಗೇರಿ ಸರ್ ಫಕ್ಕೀರಪ್ಪನ ಕಡೆ ತಿರುಗಿದರು. "ಹುಡುಗಿ ಮ್ಯಾಲೆ ಕಕ್ಕುಲಾತಿ ಇದ್ದರ ಇರಲಿ. ಅದಕ್ಕಂತ ಇಂಥಾ ಸುಳ್ಳು ಹೇಳಬ್ಯಾಡ ಫಕ್ಕೀರಪ್ಪ. ನೀ ಹೊರಗ ನಡಿ."

ಬನಶಂಕರಿ ನನ್ನ ಮೊಣಕೈ ಮುಟ್ಟಿ ನೋಡಿದಳು. "ಮೇಡಂ, ಒಳಗ ಏನೋ ಆಗೇತ್ರಿ. ಒಂದು ತಾಸು ಕೊಡ್ರಿ, ಬಿಚ್ಚಿ ನೋಡತೀನಿ."

"ಪರೀಕ್ಷೆ ಹೊತ್ತಲ್ಲಿ ಉಪಕರಣ ಬಿಚ್ಚೋ ಹಾಗಿಲ್ಲಮ್ಮ. ಇನ್ನೂ ಹನ್ನೊಂದು ಜನ ಕಾಯ್ತಿದಾರೆ." ಮೇಡಂ ಪುಸ್ತಕ ಮುಚ್ಚಿದರು. ಅವರಿಗೂ ಬೇಜಾರಾಗಿತ್ತು, ದನಿಯಲ್ಲಿ ಗೊತ್ತಾಗುತ್ತಿತ್ತು. "ಜೋಡಿ ಲೋಲಕ ಹೇಗಿರುತ್ತೆ ಅಂತ ಪುಸ್ತಕಗಳಲ್ಲಿದೆ, ನಾನೂ ಓದಿದೀನಿ. ನಿನ್ನ ಲೆಕ್ಕ ಅಂದವಾಗಿದೆ. ಆದರೆ ಇದನ್ನ ಇಲ್ಲಿ ಅಳೆದೆ ಅಂತ ಬರೀಬಾರದಿತ್ತು."

ಮೂರು ವರ್ಷದಲ್ಲಿ ಒಂದೇ ಒಂದು ರೀಡಿಂಗನ್ನೂ ಅಡುಗೆ ಮಾಡದ ಹುಡುಗಿ ಅವಳು. ಆ ಕೋಣೆಯಲ್ಲಿ ಅದನ್ನು ಬಲ್ಲ ಸಾಕ್ಷಿ ನಾನೊಬ್ಬನೇ. ಸಾಕ್ಷಿಯ ಮೊಣಕೈಗೆ ಗ್ರೀಸ್ ತುಂಬಿತ್ತು.

ಮೂರನೆಯ ದಿನ ಬನಶಂಕರಿ ಸೀಮೆಎಣ್ಣೆಯ ಸೀಸೆ ಹಿಡಿದುಕೊಂಡು ಬಂದಳು. ಬೇರಿಂಗು ಬಿಚ್ಚಿದಾಗ ಹಳದಿ ಗ್ರೀಸು ಅವಳ ಬೆರಳಿಗೆ ಮೆತ್ತಿತು. ಅವಳು ಅದನ್ನೇ ನೋಡುತ್ತ ಕೂತಳು. ಕಸಬರಿಗೆ ಹಿಡಿದು ನಿಂತಿದ್ದ ಫಕ್ಕೀರಪ್ಪನೂ ನೋಡಿದ.

"ಗ್ರೀಸ್ ಹಚ್ಚಿದ್ರೇನು ಕಾಕಾ?"

"ಪರೀಕ್ಷಾಕ್ಕ ಇಡೂ ಎಲ್ಲಾಕ್ಕೂ ಹಚ್ಚತೀನವಾ. ಪ್ರತಿವರ್ಷ ಹಚ್ಚತೀನಿ." ಮಾತು ಮುಗಿಯುವಷ್ಟರಲ್ಲಿ ಅವನಿಗೆ ತಿಳಿಯಿತು. ಕಸಬರಿಗೆ ಕೈಯಿಂದ ಬಿತ್ತು. ಅವನು ಗೋಡೆಗೆ ಆತು ಹಾಗೇ ಕೆಳಗೆ ಕುಸಿದ. ಬನಶಂಕರಿ ಎದ್ದು ಹೋಗಿ ಲೋಟದಲ್ಲಿ ನೀರು ತಂದು ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

ಅವಳು ನನ್ನನ್ನು ತೊಳೆದು ಜೋಡಿಸಿ ಮ್ಯಾಗೇರಿ ಸರ್ ಅವರನ್ನು ಕರೆತಂದಳು. ಸರ್ ಮುಖ ಗಂಟಿಕ್ಕಿಕೊಂಡೇ ಬಂದರು. ಒಂದು ಸಲ, ಎರಡು ಸಲ ನೋಡಿದರು. ಆಮೇಲೆ, "ಕಡ್ಡಿಪೆಟಗಿ ಇಲ್ಲಿ ಕೊಡು" ಎಂದು ತಾವೇ ನೂಲು ಸುಡಲು ಶುರುಮಾಡಿದರು. ಅವಳು ಸ್ಕ್ರೂ ತುದಿಗೆ ತಾಗಿಸುವಳು, ಅವರು ಸುಡುವರು, ಎಡ ಬಲ ಬರೆಯುವರು. ಇಪ್ಪತ್ತು ಸಲ ಮಾಡಿದರು. ಆರು, ಏಳು, ಎಂಟು, ಏಳು. ನಾನು ಮನಸಾರೆ ಬಿದ್ದೆ, ಮನಸಾರೆ ಪಲ್ಟಿ ಹೊಡೆದೆ. ಸರಾಸರಿ ಏಳು ಬಂತು. ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿನ್ನ ರೀಡಿಂಗ್ ಖರೆ ಅದಾವ," ಎಂದರು.

"ಗೊತ್ತೈತ್ರಿ ಸರ," ಎಂದಳು ಅವಳು.

ಅಂಕಗಳ ಲಕೋಟೆಗೆ ಮೊಹರು ಬಿದ್ದು ಹಿಂದಿನ ದಿನವೇ ಹೋಗಿಯಾಗಿತ್ತು. ಮ್ಯಾಗೇರಿ ಸರ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು, ತಾವೇ ಎರಡು ಸಲ ಹೋಗಿ ಬಂದರು. ಮೊಹರು ಬಿದ್ದ ಮೇಲೆ ತಿದ್ದುವಂತಿಲ್ಲ ಎಂಬ ಉತ್ತರ ಬಂತು. ಪ್ರಾಜೆಕ್ಟಿಗೆ ಸಿ ದರ್ಜೆ. ಪುಣೆಯವರು ಆ ಸೀಟನ್ನು ಪಟ್ಟಿಯಲ್ಲಿದ್ದ ಮುಂದಿನವರಿಗೆ ಕೊಟ್ಟರು.

ಆ ವರ್ಷದಿಂದ ಫಕ್ಕೀರಪ್ಪ ನನ್ನ ಮೈ ಮುಟ್ಟಲಿಲ್ಲ. ಬೆಳಿಗ್ಗೆ ಧೋತರದ ತುಂಡು ಹಿಡಿದು ಎಲ್ಲರನ್ನೂ ಒರೆಸುತ್ತ ಬರುವನು. ಸಾದಾ ಲೋಲಕದ ತನಕ ಬಂದು, ನನ್ನನ್ನು ಬಿಟ್ಟು, ಆಚೆಯ ತಕ್ಕಡಿಗೆ ಹೋಗುವನು. ಪರೀಕ್ಷೆಯ ಹಿಂದಿನ ದಿನ ಗ್ರೀಸ್ ಹಚ್ಚುವುದನ್ನೂ ಬಿಟ್ಟ. ಹುಡುಗರ ಹಿಂದೆ ಹಾದು ಹೋಗುತ್ತ ಮೂವತ್ತಾರು ಎಂದು ಪಿಸುಗುಡುವುದನ್ನೂ ನಿಲ್ಲಿಸಿದ. ಎಷ್ಟೋ ಮಂದಿ ನಪಾಸಾದರು. ಕೊನೆಗೆ ಯಾರೋ ನನ್ನನ್ನು ಕಂಬದಿಂದ ತೆಗೆದು ಗಾಜಿನ ಕಪಾಟಿನ ಕೆಳಗಿನ ಅರೆಯಲ್ಲಿ ಮಲಗಿಸಿದರು. ಬೇರಿಂಗುಗಳಿಗೆ ತುಕ್ಕು ಹಿಡಿಯಿತು. ಈಗ ನನ್ನನ್ನು ಎಷ್ಟು ಎತ್ತರದಿಂದ ಬಿಟ್ಟರೂ ನಾನು ಅಲುಗುವುದಿಲ್ಲ. ಮ್ಯಾಗೇರಿ ಸರ್ ನಿವೃತ್ತರಾಗುವವರೆಗೂ ಪ್ರತಿ ವರ್ಷದ ಮೊದಲ ಪಾಠದಲ್ಲಿ ಬನಶಂಕರಿಯ ರೆಕಾರ್ಡ್ ಪುಸ್ತಕ ತೋರಿಸುತ್ತಿದ್ದರು ಎಂದು ಕೇಳಿದ್ದೇನೆ. ಅದರಿಂದ ಅವಳಿಗೆ ಏನಾದರೂ ಆಯಿತೇ? ಇಲ್ಲ.

ಕಳೆದ ತಿಂಗಳು ಫಕ್ಕೀರಪ್ಪನ ನಿವೃತ್ತಿ. ಕೆಳಗೆ ಹಾರ ಹಾಕಿ, ಭಾಷಣ ಮಾಡಿ, ಚಹಾ ಕೊಟ್ಟರು. ಅದೆಲ್ಲ ಮುಗಿದ ಮೇಲೆ ಅವನು ಮೆಟ್ಟಿಲು ಹತ್ತಿ ಬಂದ, ಬಾಗಿಲಲ್ಲಿ ತಲೆ ಬಗ್ಗಿಸಿದ. ಕಪಾಟು ತೆರೆದು ನನ್ನ ಮುಂದೆ ನೆಲದ ಮೇಲೆ ಕೂತ. ಅಷ್ಟು ವರ್ಷಗಳಾದ ಮೇಲೆ ಮೊದಲ ಸಲ ಕೈ ಚಾಚಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡ.

"ನರಗುಂದದ ಕಡೆ ಹೈಸ್ಕೂಲಿನ್ಯಾಗ ಗಣಿತ ಕಲಸ್ತಾಳಂತ," ಎಂದ. "ಎರಡು ಮಕ್ಕಳಂತ. ಮೊನ್ನೆ ಬಸ್‌ಸ್ಟ್ಯಾಂಡಿನ್ಯಾಗ ಸಿಕ್ಕಿದ್ದಳು. ಕಾಕಾ ಅಂತ ಕಾಲಿಗಿ ನಮಸ್ಕಾರ ಮಾಡಿದಳು. ಆರಾಮ ಅದೀನಿ ಅಂದಳು. ಖರೇನಽ ಆರಾಮ ಇದ್ದಂಗ ಕಂಡಳು. ಆದರ ನನಗ ನಿದ್ದಿ ಬರವೊಲ್ದು."

ಅವನು ನನ್ನ ಮೊಣಕೈಯ ನಟ್ಟನ್ನು ಹೆಬ್ಬೆರಳಿನಿಂದ ಸವರಿದ.

"ನಿನಗರ ಗೊತ್ತಿರಬೇಕು. ಹುಚ್ಚಪ್ಪ, ಹೇಳು. ಅವತ್ತು ನಾ ನಿನ್ನ ಮುಟ್ಟಲಾರದ ಹಂಗಽ ಬಿಟ್ಟಿದ್ದರ ಆಕಿ ಪುಣೇಕ ಹೋಗ್ತಿದ್ದಳೇನು? ಅಲ್ಲಿ ದೊಡ್ಡಾಕಿ ಆಗ್ತಿದ್ದಳೇನು?"

ಹೋಗುತ್ತಿದ್ದಳು ಎಂದರೆ ಅವನ ಎದೆ ಒಡೆಯುತ್ತದೆ. ಬೇರೆ ಏನೋ ಅಡ್ಡ ಬಂದು ಹೋಗುತ್ತಿರಲಿಲ್ಲ ಎಂದರೆ ಅವನು ನೆಮ್ಮದಿಯಾಗಿ ಮನೆಗೆ ಹೋಗಬಹುದು. ನನಗೆ ಬಾಯಿ ಇಲ್ಲದ್ದಕ್ಕೆ ಜೀವನದುದ್ದಕ್ಕೂ ಸಂಕಟಪಟ್ಟಿದ್ದೇನೆ. ಆದರೆ ಅವತ್ತು ಬಾಯಿ ಇದ್ದಿದ್ದರೂ ಎರಡರಲ್ಲಿ ಒಂದನ್ನೂ ಹೇಳಲು ಆಗುತ್ತಿರಲಿಲ್ಲ. ಇಂಥ ವಿಷಯದಲ್ಲಿ ನನ್ನಷ್ಟು ಅನುಭವ ಇನ್ನಾವ ಉಪಕರಣಕ್ಕೂ ಇಲ್ಲ, ಹಾಗಾಗಿಯೇ ಹೇಳುತ್ತೇನೆ: ಆ ದಿನಕ್ಕೆ ಯಾರೂ ಮರಳಿ ಹೋಗಲಾರರು, ಅವಳನ್ನು ಅದೇ ಎತ್ತರದಿಂದ ಇನ್ನೊಮ್ಮೆ ಬಿಟ್ಟು ನೋಡಲಾರರು. ಏಳು ತೂಗಿನ ಆಚೆ ಏನಿತ್ತು ಎಂಬುದು ನನಗೂ ಗೊತ್ತಿಲ್ಲ.

ಕೆಳಗಿನಿಂದ ಯಾರೋ ಅವನ ಹೆಸರು ಹಿಡಿದು ಕೂಗಿದರು. ನನ್ನನ್ನು ಮೊದಲಿನಂತೆ ಅರೆಯಲ್ಲಿ ಮಲಗಿಸಿ, ಕಪಾಟಿನ ಬಾಗಿಲು ಮುಚ್ಚಿ, ಗಾಜಿನ ಮೇಲೆ ಬಿದ್ದ ತನ್ನ ಬೆರಳಿನ ಗುರುತನ್ನು ಅಂಗೈಯಿಂದ ಒರೆಸಿ ಅವನು ಇಳಿದು ಹೋದ.